‘ನಮ್ಮ ನಾಯಿ ಏನೂ ಮಾಡಲ್ಲ’ ಅಂದರೆ ಸಾಲದು

ಪ್ರಶ್ನೆ: ಮೈಸೂರಿನ ಹೊರವಲಯದ ಬಡಾವಣೆಯಲ್ಲಿ ನಮ್ಮ ಮನೆ. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಪಕ್ಕದ ಮನೆಯಲ್ಲಿರುವ ನಿವೃತ್ತ ದಂಪತಿ ತುಂಬ ಒಳ್ಳೆಯವರು. ವರ್ಷದ ಹಿಂದೆ ಅವರ ಮಗ ಒಂದು ರಾಟ್‌ವೀಲರ್ ಮರಿ ತಂದುಕೊಟ್ಟು ಪುಣೆಗೆ ಹೋದ. ಈಗ ಅದು ಭಾರೀ ಬೆಳೆದಿದೆ. ತಿಂಗಳ ಹಿಂದೆ ಗೇಟು ತೆರೆದಿದ್ದಾಗ ಹೊರಬಂದು ಮಗಳ ಮೇಲೆ ಹಾರಿತು. ಅವಳು ಕಿರುಚಿ ಓಡಿದಳು, ಅಟ್ಟಿಸಿಕೊಂಡು ಹೋಗಿ ಬೀಳಿಸಿತು. ಕಚ್ಚಲಿಲ್ಲ. ತೋಳಿಗೆ ಉಗುರು ತಾಗಿ ಗೀರಾಯಿತು, ರಕ್ತ ಬರಲಿಲ್ಲ. ‘ಇಂಜೆಕ್ಷನ್ ಎಲ್ಲ ಆಗಿದೆ, ನಮ್ಮ ನಾಯಿ ಏನೂ ಮಾಡಲ್ಲ, ಆಟಕ್ಕೆ ಬಂದಿದ್ದು’ ಎಂದರು. ನಾವೂ ಸುಮ್ಮನಾದೆವು. ಅಂದಿನಿಂದ ಮಗಳು ಅಂಗಳಕ್ಕೇ ಇಳಿಯುತ್ತಿಲ್ಲ, ರಾತ್ರಿ ಬೆಚ್ಚಿ ಏಳುತ್ತಾಳೆ. ಮಗನಿಗೋ ಭಯವೇ ಇಲ್ಲ. ಗ್ರಿಲ್ ಸಂದಿಯಲ್ಲಿ ಕೈ ತೂರಿಸಿ ಬಿಸ್ಕತ್ತು ಕೊಡಲು ಹೋಗುತ್ತಾನೆ. ‘ರೂಢಿಯಾದರೆ ಸರಿಹೋಗುತ್ತೆ’ ಅನ್ನುತ್ತಾರೆ ಗಂಡ. ‘ಅಕ್ಕಪಕ್ಕದವರ ಜೊತೆ ಮನಸ್ತಾಪ ಬೇಡ’ ಅನ್ನುತ್ತಾರೆ ಅತ್ತೆ. ನಾನು ಅತಿಯಾಗಿ ಹೆದರುತ್ತಿದ್ದೇನೆಯೆ? ಏನು ಮಾಡಲಿ?
– ಹೆಸರು ಬೇಡ, ಮೈಸೂರು

ಉತ್ತರ: ಇಲ್ಲ, ನಿಮ್ಮ ಹೆದರಿಕೆಗೆ ಕಾರಣವಿದೆ. ಆದರೆ ಬೇರೆಲ್ಲಕ್ಕಿಂತ ಮೊದಲು ಆ ಗೀರಿನ ಮಾತು ಆಡಿಬಿಡೋಣ.

ರಕ್ತ ಬಾರದ ಗೀರನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ. ವೈದ್ಯರ ಲೆಕ್ಕವೇ ಬೇರೆ. ನಾಯಿಯ ಉಗುರು ಅಥವಾ ಹಲ್ಲಿನಿಂದಾದ, ರಕ್ತ ಬಾರದ ಗೀರು ಎರಡನೇ ವರ್ಗಕ್ಕೆ ಸೇರುತ್ತದೆ, ಅದಕ್ಕೂ ರೇಬಿಸ್ ಲಸಿಕೆ ಬೇಕು. ಚರ್ಮ ಸೀಳಿ ರಕ್ತ ಬಂದರೆ, ಗಾಯದ ಮೇಲೆ ನಾಯಿ ನೆಕ್ಕಿದರೆ, ಕಣ್ಣು ಬಾಯಿಗೆ ಜೊಲ್ಲು ತಾಗಿದರೆ ಮೂರನೇ ವರ್ಗ. ಲಸಿಕೆಯ ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ ಕೂಡ ಕೊಡಬೇಕಾಗುತ್ತದೆ. ನಿಮ್ಮ ವಿಷಯದಲ್ಲಿ ಸಮಾಧಾನದ ಸಂಗತಿಯೊಂದಿದೆ. ಗೀರಿದ ನಾಯಿ ಹತ್ತು ದಿನ ಕಳೆದ ಮೇಲೂ ಆರೋಗ್ಯವಾಗಿದ್ದರೆ ಆ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಎಂದೇ ಅರ್ಥ. ತಿಂಗಳಾಗಿದೆ, ನಾಯಿ ಗಟ್ಟಿಮುಟ್ಟಾಗಿದೆ, ಹಾಗಾಗಿ ಆ ಗೀರಿನ ಭಯ ಬಿಡಬಹುದು. ಆದರೂ ನಿಮ್ಮ ಮಕ್ಕಳ ವೈದ್ಯರ ಕಿವಿಗೆ ಒಮ್ಮೆ ಹಾಕಿ.

ಮುಂದೆ ಎಂದಾದರೂ ಇಂಥದ್ದಾದರೆ ಹತ್ತು ದಿನ ಕಾದು ನೋಡುವುದು ಬೇಡ. ಹರಿಯುವ ನೀರು, ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಯಾವುದನ್ನೂ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದ ಕಾಲ ಎಂದೋ ಹೋಯಿತು. ಈಗ ತೋಳಿಗೆ, ಪುಟ್ಟ ಮಕ್ಕಳಾದರೆ ತೊಡೆಗೆ, ಕೆಲವೇ ಡೋಸ್ ಕೊಡುತ್ತಾರೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧವಿಲ್ಲ; ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮಕ್ಕಳಿಗೂ ಹೇಳಿಡಿ: ನಾಯಿ ಗೀರಿದರೆ, ನೆಕ್ಕಿದರೆ ಅಮ್ಮನಿಗೆ ಹೇಳಬೇಕು, ಹೇಳಿದರೆ ಬೈಗುಳ ಇಲ್ಲ. ಬೈತಾರೆ ಅಂತ ಗಾಯ ಮುಚ್ಚಿಡುವ ಮಕ್ಕಳೇ ಹೆಚ್ಚು ಅಪಾಯಕ್ಕೆ ಸಿಲುಕುವುದು.

ಇನ್ನು ನಾಯಿಯ ವಿಷಯ. ನಿಮ್ಮ ನೆರೆಯವರು ಸುಳ್ಳು ಹೇಳುತ್ತಿಲ್ಲ. ಅವರ ಕಾಲ ಬಳಿ ಮಲಗುವ ನಾಯಿ ಅವರಿಗೆ ನಿಜಕ್ಕೂ ಏನೂ ಮಾಡುವುದಿಲ್ಲ. ಆದರೆ ಅವರ ಮುಂದೆ ಅದು ಹೇಗಿರುತ್ತದೆ ಎನ್ನುವುದರಿಂದ, ಕಿರುಚುತ್ತಾ ಓಡುವ ಮಗುವಿನ ಮುಂದೆ ಹೇಗಿರುತ್ತದೆ ಎಂದು ಹೇಳಲು ಬರುವುದಿಲ್ಲ. ಮಕ್ಕಳನ್ನು ಕಚ್ಚುವ ನಾಯಿಗಳಲ್ಲಿ ಹೆಚ್ಚಿನವು ಬೀದಿಯ ಅಪರಿಚಿತ ನಾಯಿಗಳು ಅಂದುಕೊಳ್ಳುತ್ತೇವೆ. ಪುಟ್ಟ ಮಕ್ಕಳ ಮಟ್ಟಿಗೆ ಮನೆಯ, ನೆಂಟರ, ಪಕ್ಕದ ಮನೆಯ ನಾಯಿಗಳ ಪಾಲೂ ದೊಡ್ಡದೇ. ಪರಿಚಯ ಇದೆ ಅಂತ ದೊಡ್ಡವರು ಕಣ್ಣು ತೆಗೆಯುವುದು ಅಲ್ಲೇ ತಾನೆ?

ಬೆಳೆದ ಗಂಡು ರಾಟ್‌ವೀಲರ್ ಸುಮಾರು 50 ಕಿಲೋ ತೂಗುತ್ತದೆ, ಭುಜದ ಎತ್ತರವೇ 61ರಿಂದ 68 ಸೆಂಟಿಮೀಟರ್. ನಿಮ್ಮ ಮಗ ಹದಿನಾಲ್ಕು ಕಿಲೋ ಇದ್ದಾನು. ನಾಯಿ ತಲೆ ಎತ್ತಿದರೆ ಅದರ ಬಾಯಿ ಅವನ ಮುಖದ ನೇರಕ್ಕೆ ಬರುತ್ತದೆ. ಸಣ್ಣ ಮಕ್ಕಳಿಗೆ ತಲೆ, ಮುಖ, ಕುತ್ತಿಗೆಗೇ ಗಾಯವಾಗುವುದು ಇದರಿಂದ. ಒಂದು, ಒಂದೂವರೆ ವರ್ಷದ ನಾಯಿಗೆ ಹರೆಯ ಬೇರೆ. ಮೈ ಬೆಳೆದಿರುತ್ತದೆ, ಬುದ್ಧಿ ಬಲಿತಿರುವುದಿಲ್ಲ. ಅದು ಆಟಕ್ಕೇ ಬಂದಿರಲಿ, ಆ ತೂಕ ಮೈಮೇಲೆ ಬಿದ್ದರೆ ಮಗುವಿನ ತಲೆ ಕಲ್ಲಿಗೆ ಬಡಿಯಲು ಅಷ್ಟೇ ಸಾಕು.

ತಳಿಯೇ ಕೆಟ್ಟದ್ದು ಎಂದು ನಾನು ಹೇಳಲಾರೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್ ಸೇರಿ 23 ತಳಿಗಳ ಮಾರಾಟ, ಸಂತಾನಾಭಿವೃದ್ಧಿ ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಎಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ನಿಮ್ಮ ನೆರೆಯವರು ನಾಯಿ ಸಾಕಿದ್ದು ತಪ್ಪಲ್ಲ. ನನಗೆ ಕಳವಳ ತಂದದ್ದು ನಿಮ್ಮ ಪತ್ರದ ಇನ್ನೊಂದು ಸಾಲು: ಮಗ ತಂದುಕೊಟ್ಟು ಪುಣೆಗೆ ಹೋದ. ಅರವತ್ತು ದಾಟಿದವರ ಕೈಯಲ್ಲಿ ಬೆಲ್ಟು, ಆ ಕಡೆ 50 ಕಿಲೋದ ಎಳೆತ. ನಾಯಿ ಎಳೆದರೆ ಹಿಡಿದು ನಿಲ್ಲಿಸುವವರು ಆ ಮನೆಯಲ್ಲಿ ಯಾರಿದ್ದಾರೆ? ಅವರೊಂದಿಗೆ ಆಡಬೇಕಾದ ಮಾತಿನ ತಿರುಳು ಇದೇ.

ಮಾತಾಡಲೇಬೇಕು. ಅತ್ತೆಯವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಇಂದು ಮನಸ್ತಾಪಕ್ಕೆ ಅಂಜಿ ಸುಮ್ಮನಿದ್ದು ನಾಳೆ ಮಗುವಿಗೆ ಏನಾದರೂ ಆದರೆ ಎರಡು ಮನೆಯ ನಂಟೂ ಉಳಿಯುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಸಂಜೆ ಹೊತ್ತು ಹೋಗಿ, ಮಕ್ಕಳನ್ನು ಕರೆದೊಯ್ಯಬೇಡಿ. ‘ನಿಮ್ಮ ನಾಯಿ ಡೇಂಜರ್’ ಎಂದು ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಹೀಗೆ ಹೇಳಿ ನೋಡಿ: ‘ಅಂಕಲ್, ಅದು ಆಟಕ್ಕೇ ಬಂದಿದ್ದಿರಬಹುದು. ಆದರೆ ಮಗಳು ಬಿದ್ದಳು, ಈಗ ಹೊರಗೆ ಬರೋಕೇ ಹೆದರ್ತಾಳೆ. ಚಿಕ್ಕವನಿಗೆ ಬುದ್ಧಿ ಸಾಲದು. ಗೇಟಿಗೆ ಒಂದು ವ್ಯವಸ್ಥೆ ಮಾಡೋಣ, ಖರ್ಚಿಗೆ ನಾವೂ ಸೇರ್ತೀವಿ.’ ಖರ್ಚಿನ ಮಾತು ಬಾಯುಪಚಾರಕ್ಕಲ್ಲ, ನಿಜಕ್ಕೂ ಹಂಚಿಕೊಳ್ಳಿ.

ಏನು ಕೇಳಬೇಕು? ಗೇಟು ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗು, ನಾಯಿಯ ಮೂತಿಗೂ ಮಗುವಿನ ಕೈಗೂ ಎಟುಕದ ಎತ್ತರದಲ್ಲಿ ಚಿಲಕ. ಗ್ರಿಲ್‌ನ ಕೆಳಭಾಗಕ್ಕೆ ತಗಡಿನ ಶೀಟು, ಆಗ ನಿಮ್ಮ ಮಗನ ಕೈ ಒಳಗೆ ಹೋಗುವುದಿಲ್ಲ, ನಾಯಿಯೂ ಹೋಗಿಬರುವವರನ್ನು ನೋಡಿ ರೇಗುವುದು ಕಡಿಮೆಯಾಗುತ್ತದೆ. ಕಾಂಪೌಂಡ್ ಗಿಡ್ಡವಿದ್ದರೆ ಮೇಲೆ ಜಾಲರಿ. ಹೊರಗೆ ಕರೆತರುವಾಗ ಗಿಡ್ಡ ಬೆಲ್ಟು, ಹಿಡಿಯುವ ಶಕ್ತಿಯಿರುವ ಒಬ್ಬರು, ತರಬೇತಿ ಆಗುವವರೆಗೆ ಬಾಯಿಬುಟ್ಟಿ. ರೇಬಿಸ್ ಲಸಿಕೆಯ ಕಾರ್ಡ್ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ; ಅದು ವರ್ಷ ವರ್ಷ ಆಗಬೇಕಾದ ಲಸಿಕೆ. ಆದರೆ ಒಂದು ಮಾತು, ‘ಇಡೀ ದಿನ ಸರಪಳಿ ಹಾಕಿಡಿ’ ಎಂದು ಮಾತ್ರ ಕೇಳಬೇಡಿ. ಸದಾ ಕಟ್ಟಿಹಾಕಿದ ನಾಯಿ ಸಿಡುಕಾಗುತ್ತದೆ, ಹತ್ತಿರ ಹೋದ ಮಗುವಿಗೆ ಅಪಾಯ ಹೆಚ್ಚು. ಈ ತಳಿಗೆ ನಡಿಗೆ ಬೇಕು, ಕೆಲಸ ಬೇಕು, ತರಬೇತಿ ಬೇಕು. ಪುಣೆಯ ಮಗನ ಜೊತೆಗೂ ಫೋನಿನಲ್ಲಿ ಮಾತಾಡಿ. ತರಬೇತುದಾರರನ್ನು ಗೊತ್ತುಮಾಡುವ ಹೊಣೆ ಅವನದು.

ಮೆತ್ತಗೆ ಹೇಳಿಯೂ ಗೇಟು ಹಾಗೇ ತೆರೆದಿದ್ದರೆ ಬರಹದಲ್ಲಿ ಕೊಡಿ, ಬಡಾವಣೆಯ ಸಂಘಕ್ಕೆ, ಸ್ಥಳೀಯ ಆಡಳಿತಕ್ಕೆ ತಿಳಿಸಿ. ಸಾಕುಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದೆ ಉಪೇಕ್ಷೆ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಸೆರೆ, ಇಲ್ಲವೇ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲ ಭೇಟಿಯಲ್ಲೇ ಇದನ್ನು ಎತ್ತುವುದು ಬೇಡ.

ಈಗ ನಿಮ್ಮ ಅಂಗಳಕ್ಕೆ ಬರೋಣ. ಮೂರು ವರ್ಷದವನಿಗೆ ನೀವು ಎಷ್ಟೇ ಬುದ್ಧಿ ಹೇಳಿ, ಬಿಸ್ಕತ್ತು ಕೈಯಲ್ಲಿದ್ದರೆ ಅವನು ಗ್ರಿಲ್ ಕಡೆಗೇ ಓಡುತ್ತಾನೆ. ಅವನ ವಯಸ್ಸೇ ಅಂಥದ್ದು. ಅವನ ಸುರಕ್ಷತೆಯನ್ನು ಅವನ ತಿಳಿವಳಿಕೆಗೆ ಬಿಡುವಂತಿಲ್ಲ. ಅವನು ಹೊರಗಿದ್ದಷ್ಟು ಹೊತ್ತು ದೊಡ್ಡವರೊಬ್ಬರು ಕೈಗೆಟುಕುವ ದೂರದಲ್ಲಿರಬೇಕು, ಫೋನ್ ನೋಡುತ್ತಾ ಮೆಟ್ಟಿಲ ಮೇಲೆ ಕೂತರೆ ಆಗದು. ಚೆಂಡು ಆಚೆ ಬಿದ್ದರೆ ತರುವುದು ದೊಡ್ಡವರ ಕೆಲಸ.

ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ಪುಟ್ಟ ಮಕ್ಕಳಿಗೆ ನಾಯಿಗಳ ಚಿತ್ರ, ದೃಶ್ಯ ತೋರಿಸಿ ನೋಡಿದ್ದಾರೆ. ಹಲ್ಲು ಕಿರಿದು ಗುರುಗುಟ್ಟುವ ನಾಯಿಯನ್ನು ಕಂಡು ‘ನಗ್ತಾ ಇದೆ’ ಎಂದ ಮಕ್ಕಳು ಬಹಳ. ಹಾಗಾಗಿ ನಾಯಿಯ ಮೈ ಓದುವುದನ್ನು ಮೊದಲು ನೀವೇ ಕಲಿಯಬೇಕು. ನಿದ್ದೆಯಿಲ್ಲದೆ ಆಕಳಿಸುವುದು, ಏನೂ ತಿನ್ನದೆ ಮೂಗು ತುಟಿ ನೆಕ್ಕಿಕೊಳ್ಳುವುದು, ಮುಖ ಅತ್ತ ತಿರುಗಿಸಿ ಕಣ್ಣಂಚಿನಲ್ಲಿ ನೋಡುವುದು, ಆಗ ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುವುದು: ಇವೆಲ್ಲ ‘ನನ್ನನ್ನು ಬಿಟ್ಟುಬಿಡಿ’ ಎನ್ನುವ ಸೂಚನೆಗಳು. ಮುಂದೆ ಮೈ ಸೆಟೆಯುತ್ತದೆ, ಬಾಯಿ ಬಿಗಿಯಾಗಿ ಮುಚ್ಚುತ್ತದೆ, ಅಲುಗಾಡದೆ ನಿಲ್ಲುತ್ತದೆ. ಆ ಕ್ಷಣ ಮಗುವನ್ನು ಎತ್ತಿಕೊಂಡು ಮೆಲ್ಲಗೆ ಹಿಂದೆ ಸರಿಯಿರಿ. ಬಾಲ ಆಡಿಸುತ್ತಿದೆ ಎಂದು ನಂಬಬೇಡಿ. ಕೆರಳಿದ ನಾಯಿಯ ಬಾಲವೂ ಬಿಗಿಯಾಗಿ ಆಡುತ್ತದೆ. ಗುರುಗುಟ್ಟಿದ ನಾಯಿಗೆ ಹೊಡೆಯಬಾರದು ಎಂದು ನೆರೆಯವರಿಗೂ ಹೇಳಿ. ಏಟು ತಿಂದು ಗುರುಗುಟ್ಟುವುದನ್ನು ಬಿಟ್ಟ ನಾಯಿ ಮುಂದೆ ಎಚ್ಚರಿಕೆ ಕೊಡದೆಯೇ ಕಚ್ಚೀತು.

ಮಗಳಿಗೆ ಮನೆಯೊಳಗೇ ಒಂದು ಆಟ ಕಲಿಸಿ. ನೀವು ‘ಮರ’ ಎಂದ ಕೂಡಲೇ ಅವಳು ನಿಂತಲ್ಲೇ ನಿಲ್ಲಬೇಕು, ಎರಡೂ ಕೈ ಮುಂದೆ ಕಟ್ಟಿಕೊಂಡು ತನ್ನ ಪಾದ ನೋಡಬೇಕು, ಸದ್ದು ಮಾಡಬಾರದು. ‘ಕಲ್ಲು’ ಎಂದರೆ ಮಂಡಿಯೂರಿ ಮುದುರಿ, ಮುಖ ಒಳಗೆ ಮಾಡಿ, ಕೈಗಳಿಂದ ಕತ್ತು ಕಿವಿ ಮುಚ್ಚಿಕೊಳ್ಳಬೇಕು. ನಾಯಿ ಎದುರಾದರೆ ಮರ, ಬೀಳಿಸಿದರೆ ಕಲ್ಲು. ಓಡುವುದು, ಕಿರುಚುವುದು ನಾಯಿಯನ್ನು ಇನ್ನಷ್ಟು ಅಟ್ಟಿಸಿಕೊಂಡು ಬರುವಂತೆ ಮಾಡುತ್ತದೆ, ನಿಂತವರ ಮೇಲೆ ಅದಕ್ಕೆ ಬೇಗ ಆಸಕ್ತಿ ಹೋಗುತ್ತದೆ. ಗಾಬರಿಯಲ್ಲಿ ಹೇಳಿದ್ದು ನೆನಪಾಗುವುದಿಲ್ಲ, ಮೈಗೆ ರೂಢಿಯಾಗಿದ್ದರೆ ಮಾತ್ರ ಬರುತ್ತದೆ. ದಿನವೂ ನಗುತ್ತಾ ಆಡಿಸಿ. ಊಟ ಮಾಡುವ, ಮಲಗಿದ, ಮರಿ ಹಾಕಿದ, ಕಟ್ಟಿಹಾಕಿದ, ಗೇಟಿನಾಚೆಗಿನ ನಾಯಿಯ ತಂಟೆಗೆ ಹೋಗಬಾರದು ಎಂಬುದನ್ನೂ ಜೊತೆಗೇ ಕಲಿಸಿ.

‘ರೂಢಿಯಾಗಲಿ’ ಎಂದು ನಿಮ್ಮ ಯಜಮಾನರು ಅವಳ ಕೈ ಹಿಡಿದು ನಾಯಿ ಮುಟ್ಟಿಸಲು ಹೋದರೆ ದಯವಿಟ್ಟು ತಡೆಯಿರಿ. ಬಲವಂತದಿಂದ ಭಯ ಬೇರೂರುತ್ತದೆ. ‘ಹೆದರುಪುಕ್ಕಲಿ’ ಎನ್ನುವುದೂ ಬೇಡ. ಮೊದಲು ಕಿಟಕಿಯಿಂದ, ಟೆರೇಸಿನಿಂದ ನಾಯಿಯನ್ನು ಒಟ್ಟಿಗೆ ನೋಡಿ. ‘ಏನು ಮಾಡ್ತಿದೆ ಈಗ?’ ಎಂದು ಅವಳಿಂದಲೇ ಹೇಳಿಸಿ. ಎಷ್ಟು ಹತ್ತಿರ ಹೋಗಬೇಕು ಎಂಬುದನ್ನು ಅವಳೇ ನಿರ್ಧರಿಸಲಿ. ಆ ನಾಯಿಯನ್ನು ಅವಳು ಮುಟ್ಟಲೇಬೇಕೆಂದಿಲ್ಲ. ಇನ್ನೊಂದು, ಊಟ ಮಾಡಿಸಲು ‘ತಿನ್ನದಿದ್ರೆ ನಾಯಿ ಬಂದು ಕಚ್ಚುತ್ತೆ’ ಎನ್ನುವ ಅಭ್ಯಾಸ ಮನೆಯಲ್ಲಿದ್ದರೆ ಇವತ್ತೇ ನಿಲ್ಲಿಸಿ. ತಿಂಗಳಾದರೂ ನಿದ್ದೆ ಕೆಡುತ್ತಿರುವುದರಿಂದ ಮಕ್ಕಳ ಆಪ್ತಸಮಾಲೋಚಕರಿಗೆ ತೋರಿಸುವುದು ಒಳ್ಳೆಯದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ ದಾರಿ ತೋರಿಸುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಹಬ್ಬದ ದಿನಗಳಲ್ಲಿ ಇನ್ನಷ್ಟು ಎಚ್ಚರವಿರಲಿ. ದೀಪಾವಳಿಯ ಪಟಾಕಿ ಸದ್ದಿಗೆ ಶಾಂತ ಸ್ವಭಾವದ ನಾಯಿಯೂ ಕಂಗೆಡುತ್ತದೆ, ನೆಂಟರು ಬಂದುಹೋಗುವ ಗಡಿಬಿಡಿಯಲ್ಲಿ ಗೇಟು ತೆರೆದೇ ಇರುತ್ತದೆ.

ಮಗಳ ಭಯ ಕಳೆಯಲು ಸಮಯ ಬೇಕು, ನಾಯಿಯ ತರಬೇತಿಗೂ ತಿಂಗಳುಗಳೇ ಬೇಕು. ಚಿಲಕ, ಸ್ಪ್ರಿಂಗು ಹಾಕಿಸಲು ವೆಲ್ಡಿಂಗ್‌ನವನ ಅರ್ಧ ದಿನ ಸಾಕು. ಅದನ್ನು ಈ ಭಾನುವಾರವೇ ಮಾಡಿಸಿ.