ಹೆಸರಿನ ಬಾಲ ಹಿಡಿಯಿರಿ, ಅಣು ಸಿಗುತ್ತೆ

ಕೆಮಿಸ್ಟ್ರಿ ಅಂದ್ರೆ ಮೊದಲ ವರ್ಷದಲ್ಲಿ ಹೇಗೋ ಪಾಸ್ ಮಾಡಿ ಮರೆತುಬಿಡೋ ಪೇಪರ್ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದೀವಿ. ಅದರಲ್ಲೂ ಆರ್ಗ್ಯಾನಿಕ್ ಹೆಸರುಗಳು ಬಂದರೆ ಟೇಬಲ್ ಬಾಯಿಪಾಠ, ಪರೀಕ್ಷೆ ಮುಗಿದ ಮರುದಿನ ಎಲ್ಲ ಖಾಲಿ. ಆದರೆ ಬ್ಯಾಟರಿಯ ಎಲೆಕ್ಟ್ರೋಲೈಟ್, ಪ್ಲಾಸ್ಟಿಕ್, ಪೇಂಟ್, ಎಥನಾಲ್ ಬೆರೆಸಿದ ಪೆಟ್ರೋಲ್, ಯಾವುದರ ಡೇಟಾಶೀಟ್ ತೆಗೆದರೂ ಇದೇ ಹೆಸರುಗಳು ಎದುರಾಗುತ್ತವೆ. ಲ್ಯಾಬಿನ ಬಾಟಲಿಯ ಮೇಲೂ ಅವೇ. ಬಾಯಿಪಾಠ ಇಲ್ಲದೆ ಇವನ್ನು ಓದೋಕೆ ಒಂದು ದಾರಿ ಇದೆ, ಮತ್ತು ಕನ್ನಡ ಬಲ್ಲವರಿಗೆ ಅದು ಸಲೀಸು.

ಪ್ರಕೃತಿ, ಪ್ರತ್ಯಯ

ಹೈಸ್ಕೂಲ್ ವ್ಯಾಕರಣ ನೆನಪಿಸಿಕೊಳ್ಳಿ. ಮನೆಯನ್ನು, ಮನೆಯಿಂದ, ಮನೆಗೆ, ಮನೆಯಲ್ಲಿ. ‘ಮನೆ’ ಬದಲಾಗಲಿಲ್ಲ, ಕೊನೆಯ ಪ್ರತ್ಯಯ ಬದಲಾಯಿತು, ಅದರ ಜೊತೆ ಪದದ ಕೆಲಸವೂ ಬದಲಾಯಿತು. ಐಯುಪ್ಯಾಕ್ ಹೆಸರುಗಳೂ ಹೀಗೇ. ಎಥೇನ್, ಎಥನಾಲ್, ಎಥನ್ಯಾಲ್, ಎಥನೋಯಿಕ್ ಆಮ್ಲ. ಎಲ್ಲದರಲ್ಲೂ ‘ಎಥ್’ ಅಂದರೆ 2 ಕಾರ್ಬನ್. ಬಾಲ ಮಾತ್ರ ಬೇರೆ. ಆ ಬಾಲವೇ ಫಂಕ್ಷನಲ್ ಗ್ರೂಪ್, ಅಂದರೆ ಕ್ರಿಯಾಗುಂಪು ಯಾವುದು ಅಂತ ಹೇಳುತ್ತೆ.

ಕ್ರಿಯಾಗುಂಪು ಅಂತ ಯಾಕೆ ಕರೀತಾರೆ? ಬರೀ ಕಾರ್ಬನ್–ಹೈಡ್ರೋಜನ್ ಒಂಟಿ ಬಂಧಗಳ ಸರಪಳಿ ಸಾಮಾನ್ಯವಾಗಿ ಸುಮ್ಮನೆ ಇರುತ್ತೆ. ಅದಕ್ಕೆ ಅಂಟಿಕೊಂಡ ಆಕ್ಸಿಜನ್, ನೈಟ್ರೋಜನ್ ಅಥವಾ ಜೋಡಿ ಬಂಧದ ಹತ್ತಿರವೇ ಹೆಚ್ಚಿನ ಕ್ರಿಯೆ ನಡೆಯೋದು. ಗ್ಯಾಸ್ ಸಿಲಿಂಡರಿನಲ್ಲಿರುವ ಪ್ರೊಪೇನ್ −42 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತೆ. ಅದರ ತುದಿಯ ಒಂದು ಹೈಡ್ರೋಜನ್ ತೆಗೆದು ಅಲ್ಲಿ ಓಹೆಚ್ ಇಟ್ಟರೆ ಪ್ರೊಪನ್-1-ಆಲ್, ಅದು ಕುದಿಯೋದು 97 ಡಿಗ್ರಿಯಲ್ಲಿ. ಓಹೆಚ್‌ಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡಿದುಕೊಳ್ಳೋದೇ ಇದಕ್ಕೆ ಮುಖ್ಯ ಕಾರಣ.

ಗುರುತಿಸೋದು ಹೇಗೆ?

ರಚನೆ ಕೊಟ್ಟ ತಕ್ಷಣ ಹೆಸರಿಗೆ ಕೈ ಹಾಕಬೇಡಿ. ಮೊದಲು ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ಕಾರ್ಬನ್‌ಗೂ ಆಕ್ಸಿಜನ್‌ಗೂ ನಡುವೆ ಜೋಡಿ ಬಂಧ, ಅಂದರೆ ಕಾರ್ಬೊನಿಲ್ ಇದೆಯಾ?

ಇದ್ದರೆ ಆ ಕಾರ್ಬನ್ನಿನ ಅಕ್ಕಪಕ್ಕ ಯಾರಿದ್ದಾರೆ ನೋಡಿ:

1. ಎರಡೂ ಕಡೆ ಕಾರ್ಬನ್: ಕೀಟೋನ್. ಬಾಲ ‘ಓನ್’.
2. ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಕಾರ್ಬನ್ ಅಥವಾ ಹೈಡ್ರೋಜನ್: ಆಲ್ಡಿಹೈಡ್. ಬಾಲ ‘ಯಾಲ್’.
3. ಒಂದು ಕಡೆ ಓಹೆಚ್: ಕಾರ್ಬಾಕ್ಸಿಲಿಕ್ ಆಮ್ಲ. ಬಾಲ ‘ಓಯಿಕ್ ಆಮ್ಲ’.
4. ಒಂದು ಕಡೆ ಆಕ್ಸಿಜನ್, ಅದರಾಚೆ ಕಾರ್ಬನ್: ಎಸ್ಟರ್. ಬಾಲ ‘ಓಏಟ್’.
5. ಒಂದು ಕಡೆ ನೈಟ್ರೋಜನ್: ಅಮೈಡ್. ಬಾಲವೂ ‘ಅಮೈಡ್’.

ಕಾರ್ಬೊನಿಲ್ ಇಲ್ಲವೇ ಇಲ್ಲ ಅಂದರೆ ಇನ್ನೂ ಸುಲಭ. ಸರಪಳಿಗೆ ಓಹೆಚ್ ಇದ್ದರೆ ಆಲ್ಕೊಹಾಲ್, ಬೆಂಜೀನ್ ಉಂಗುರಕ್ಕೇ ನೇರವಾಗಿ ಓಹೆಚ್ ಅಂಟಿದ್ದರೆ ಫೀನಾಲ್, ಎರಡು ಕಾರ್ಬನ್ ನಡುವೆ ಆಕ್ಸಿಜನ್ ಕೂತಿದ್ದರೆ ಈಥರ್, ಕಾರ್ಬನ್‌ಗೆ ಒಂಟಿ ಬಂಧದಲ್ಲಿ ನೈಟ್ರೋಜನ್ ಇದ್ದರೆ ಅಮೀನ್.

ಪರೀಕ್ಷೆಯಲ್ಲಿ ಅಂಕ ಹೋಗೋ ಜಾಗ ಇಲ್ಲೇ ಇದೆ. ಆಮ್ಲದಲ್ಲಿ ಕಾರ್ಬೊನಿಲ್ಲೂ ಇದೆ, ಓಹೆಚ್ಚೂ ಇದೆ. ಹಾಗಂತ ‘ಒಂದು ಕೀಟೋನ್, ಒಂದು ಆಲ್ಕೊಹಾಲ್’ ಅಂತ ಬಿಡಿಸಿ ಬರೆಯೋ ಹಾಗಿಲ್ಲ. ಎರಡೂ ಒಂದೇ ಕಾರ್ಬನ್ ಮೇಲಿದ್ದರೆ ಸೇರಿ ಒಂದೇ ಗುಂಪು. ಅಮೈಡ್‌ನ ನೈಟ್ರೋಜನ್ ನೋಡಿ ಅಮೀನ್ ಅನ್ನೋದೂ ಇದೇ ಥರದ ತಪ್ಪು. ಅದಕ್ಕೇ ಕಾರ್ಬೊನಿಲ್ ಪ್ರಶ್ನೆಯನ್ನು ಮೊದಲು ಕೇಳಬೇಕು.

ಹೆಸರಿಡೋದು ಹೇಗೆ?

ಕ್ರಿಯಾಗುಂಪು ಇರುವ ಅತಿ ಉದ್ದದ ಸರಪಳಿ ಎಣಿಸಿ. 1ಕ್ಕೆ ಮೆಥ್, 2ಕ್ಕೆ ಎಥ್, 3ಕ್ಕೆ ಪ್ರೊಪ್, 4ಕ್ಕೆ ಬ್ಯೂಟ್. ಆಮ್ಲ ಮತ್ತು ಆಲ್ಡಿಹೈಡ್‌ನ ಕಾರ್ಬನ್ನನ್ನೂ ಎಣಿಕೆಗೆ ಸೇರಿಸಿಕೊಳ್ಳಿ. ಅದಕ್ಕೇ 1ನೇ ನಂಬರ್. ಉಳಿದ ಗುಂಪುಗಳಲ್ಲಿ ಯಾವ ತುದಿಯಿಂದ ಎಣಿಸಿದರೆ ಗುಂಪಿಗೆ ಚಿಕ್ಕ ನಂಬರ್ ಬರುತ್ತೋ ಆ ಕಡೆಯಿಂದ ಎಣಿಸಿ. ಬ್ಯೂಟನ್-2-ಆಲ್ ಸರಿ, ಬ್ಯೂಟನ್-3-ಆಲ್ ಅಂತ ಬರೆಯೋದಿಲ್ಲ. ಎಸ್ಟರ್‌ಗೆ ಮಾತ್ರ ಎರಡು ಪದ: ಆಲ್ಕೊಹಾಲಿನಿಂದ ಬಂದ ಭಾಗ ಮೊದಲು, ಆಮ್ಲದಿಂದ ಬಂದ ಭಾಗ ಕೊನೆಗೆ. ಉದಾಹರಣೆಗೆ ಈಥೈಲ್ ಎಥನೋಏಟ್.

ಒಂದೇ ಅಣುವಿನಲ್ಲಿ ಎರಡು ಗುಂಪು ಇದ್ದರೆ? ‘ಮನೆಯನ್ನುಯಿಂದ’ ಅಂತ ಯಾರೂ ಹೇಳಲ್ಲ ಅಲ್ವಾ, ಹಾಗೇ ಇಲ್ಲೂ ಬಾಲದ ಜಾಗ ಒಂದೇ ಬಗೆಯ ಗುಂಪಿಗೆ. ಆ ಜಾಗ ಯಾರಿಗೆ ಅನ್ನೋ ಸರದಿ ಹೀಗಿದೆ: ಆಮ್ಲ, ಎಸ್ಟರ್, ಅಮೈಡ್, ಆಲ್ಡಿಹೈಡ್, ಕೀಟೋನ್, ಆಲ್ಕೊಹಾಲ್, ಅಮೀನ್. ಸೋತವರು ಹೆಸರಿನ ಮುಂದೆ ಹೋಗಿ ನಿಲ್ಲುತ್ತಾರೆ. ಆಗ ಓಹೆಚ್‌ಗೆ ‘ಹೈಡ್ರಾಕ್ಸಿ’, ಕೀಟೋನಿಗೆ ‘ಆಕ್ಸೋ’, ಅಮೀನಿಗೆ ‘ಅಮೈನೋ’ ಅಂತ ಹೆಸರು.

ಮೊಸರಿನ ಹುಳಿಗೆ ಕಾರಣವಾದ ಲ್ಯಾಕ್ಟಿಕ್ ಆಮ್ಲ ತೆಗೆದುಕೊಳ್ಳಿ. ಅದರಲ್ಲಿ 3 ಕಾರ್ಬನ್ ಇದೆ, ಅಂದರೆ ಪ್ರೊಪ್. ಒಂದು ತುದಿಯಲ್ಲಿ ಆಮ್ಲದ ಗುಂಪು, ಅದರ ಪಕ್ಕದ ಕಾರ್ಬನ್ ಮೇಲೆ ಓಹೆಚ್. ಸರದಿಯಲ್ಲಿ ಆಮ್ಲ ಮೊದಲು, ಹಾಗಾಗಿ ಬಾಲ ಅದರದ್ದು. ಓಹೆಚ್ 2ನೇ ಕಾರ್ಬನ್ ಮೇಲೆ. ಹೆಸರು: 2-ಹೈಡ್ರಾಕ್ಸಿಪ್ರೊಪನೋಯಿಕ್ ಆಮ್ಲ. ನೋಡಿ, ಇಷ್ಟುದ್ದ ಹೆಸರನ್ನು ಎಲ್ಲೂ ಬಾಯಿಪಾಠ ಮಾಡಲಿಲ್ಲ.

ಒಂದು ಅಕ್ಷರದ ಬೆಲೆ

ಎಥನಾಲ್, ಎಥನ್ಯಾಲ್. ಕ್ಲಾಸಿನಲ್ಲಿ ಬೇಗ ಹೇಳಿದರೆ ಎರಡೂ ಒಂದೇ ಥರ ಕೇಳಿಸುತ್ತೆ. ಆದರೆ ಮದ್ಯದಲ್ಲಿರುವ ಎಥನಾಲನ್ನು ನಮ್ಮ ಲಿವರ್ ಮೊದಲು ಎಥನ್ಯಾಲ್ ಮಾಡುತ್ತೆ, ಆಮೇಲೆ ಎಥನೋಯಿಕ್ ಆಮ್ಲ ಮಾಡುತ್ತೆ. ಆಲ್ಕೊಹಾಲ್, ಆಲ್ಡಿಹೈಡ್, ಆಮ್ಲ, ಹೀಗೆ ಬಾಲ ಬದಲಾಗುತ್ತಾ ಹೋಗುತ್ತೆ. ನಡುವಿನ ಎಥನ್ಯಾಲ್ ವಿಷಕಾರಿ. ಕೊನೆಯ ಎಥನೋಯಿಕ್ ಆಮ್ಲ ವಿನೆಗರಿನಲ್ಲಿ ಇರೋದೇ, ಅದನ್ನು ದೇಹ ಬಳಸಿಕೊಳ್ಳುತ್ತೆ.

ಈಗ ಪ್ರಕೃತಿ ಬದಲಿಸಿ. ‘ಎಥ್’ ಜಾಗದಲ್ಲಿ ‘ಮೆಥ್’. ಬಣ್ಣ ಇಲ್ಲ, ವಾಸನೆಯೂ ಹೆಚ್ಚುಕಮ್ಮಿ ಅದೇ, ಕ್ರಿಯಾಗುಂಪೂ ಅದೇ. ಹಾಗಾಗಿ ಲಿವರ್ ಅದೇ ದಾರಿಯಲ್ಲಿ ಕರೆದುಕೊಂಡು ಹೋಗುತ್ತೆ: ಮೆಥನಾಲ್, ಮೆಥನ್ಯಾಲ್, ಮೆಥನೋಯಿಕ್ ಆಮ್ಲ. ಮೆಥನ್ಯಾಲ್ ಅಂದರೆ ಫಾರ್ಮಾಲ್ಡಿಹೈಡ್. ಮೆಥನೋಯಿಕ್ ಆಮ್ಲ ಅಂದರೆ ಫಾರ್ಮಿಕ್ ಆಮ್ಲ. ಇದನ್ನು ದೇಹ ಬೇಗ ಹೊರಹಾಕಲಾರದು. ಅದು ಸೇರುತ್ತಾ ಹೋದ ಹಾಗೆ ಕಣ್ಣಿನ ನರ ಹಾಳಾಗುತ್ತೆ, ರಕ್ತ ಆಮ್ಲೀಯವಾಗುತ್ತೆ, ಪ್ರಾಣವೂ ಹೋಗಬಹುದು. ವಿಷಮದ್ಯ ದುರಂತಗಳಲ್ಲಿ ಮತ್ತೆ ಮತ್ತೆ ಸಿಗುವ ಅಣು ಇದು. 1981ರಲ್ಲಿ ಬೆಂಗಳೂರಿನಲ್ಲೇ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು.

ಇದರಿಂದ ತಿಳಿಯೋದು ಇಷ್ಟು: ಬಾಲ ನೋಡಿದರೆ ಅಣು ಯಾವ ದಾರಿಯಲ್ಲಿ ಕ್ರಿಯೆ ನಡೆಸುತ್ತೆ ಅಂತ ಗೊತ್ತಾಗುತ್ತೆ. ಆ ದಾರಿಯ ಕೊನೆಗೆ ಏನು ಸಿಗುತ್ತೆ ಅನ್ನೋದಕ್ಕೆ ತಲೆಯನ್ನೂ ನೋಡಬೇಕು. ಲ್ಯಾಬಿನಲ್ಲಿ ಬಾಟಲಿ ಎತ್ತುವಾಗ ಹೆಸರನ್ನು ಪೂರ್ತಿ ಓದಿ.

ನೀವೇ ಮಾಡಿ ನೋಡಿ

ಒಂದು: ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲದಲ್ಲಿ 4 ಕಾರ್ಬನ್ ಸಾಲಾಗಿವೆ. ಎರಡೂ ತುದಿಯಲ್ಲಿ ಆಮ್ಲದ ಗುಂಪು, ನಡುವಿನ ಎರಡು ಕಾರ್ಬನ್‌ಗೂ ಒಂದೊಂದು ಓಹೆಚ್. ಹೆಸರೇನು?

ಎರಡು: ಪ್ಯಾರಸಿಟಮಾಲ್‌ನಲ್ಲಿ ಬೆಂಜೀನ್ ಉಂಗುರಕ್ಕೆ ಒಂದು ಕಡೆ ಓಹೆಚ್. ಅದರ ಎದುರು ಕಡೆ ನೈಟ್ರೋಜನ್, ಆ ನೈಟ್ರೋಜನ್‌ಗೆ ಒಂದು ಕಾರ್ಬೊನಿಲ್, ಅದರಾಚೆ ಒಂದು ಮೀಥೈಲ್. ಯಾವ ಯಾವ ಕ್ರಿಯಾಗುಂಪು ಇವೆ?

ಮೂರು: ಆಸ್ಪಿರಿನ್‌ನಲ್ಲಿ ಉಂಗುರಕ್ಕೆ ಒಂದು ಆಮ್ಲ, ಪಕ್ಕದಲ್ಲೇ ಒಂದು ಎಸ್ಟರ್. ತೇವ ತಗುಲಿದ ಹಳೆಯ ಆಸ್ಪಿರಿನ್ ಬಾಟಲಿ ತೆರೆದರೆ ವಿನೆಗರ್ ವಾಸನೆ ಬರುತ್ತೆ. ಯಾಕೆ?

ಕಾಗದದ ಮೇಲೆ ಬರೆದ ಮೇಲಷ್ಟೇ ಉತ್ತರ ನೋಡಿ.

ಒಂದು: 2,3-ಡೈಹೈಡ್ರಾಕ್ಸಿಬ್ಯೂಟೇನ್‌ಡೈಓಯಿಕ್ ಆಮ್ಲ. ಆಮ್ಲದ ಗುಂಪು ಎರಡು ಇರೋದರಿಂದ ‘ಡೈಓಯಿಕ್’.

ಎರಡು: ಫೀನಾಲ್ ಮತ್ತು ಅಮೈಡ್. ಅಮೀನ್ ಅಂತ ಬರೆದಿದ್ದರೆ ಕಾರ್ಬೊನಿಲ್ ಪ್ರಶ್ನೆಗೆ ಇನ್ನೊಮ್ಮೆ ಹೋಗಿ.

ಮೂರು: ತೇವದ ನೀರು ಎಸ್ಟರನ್ನು ಒಡೆಯುತ್ತೆ, ಎಥನೋಯಿಕ್ ಆಮ್ಲ ಹೊರಬರುತ್ತೆ. ವಿನೆಗರ್ ವಾಸನೆ ಅದರದ್ದೇ. ಅಂಥ ಮಾತ್ರೆ ನುಂಗಬೇಡಿ.