ಸಮಾಲೋಚಕರಿಗೂ ಒಬ್ಬ ಹಿರಿಯರು ಬೇಕು



ಹತ್ತಿ, ಮೆಣಸಿನಕಾಯಿ ಬೆಳೆಯ ರೋಗಗಳ ಬಗ್ಗೆ ಓದಲು ಈ ಪುಟ ತೆರೆದವರಿಗೆ ಈ ಸಲದ ವಿಷಯ ಬೇರೆ ಎನಿಸಬಹುದು. ರೈತರ ಮನೆಯ ಮಕ್ಕಳೂ ಈಗ ಸಮಾಜಕಾರ್ಯ, ಮನಶ್ಶಾಸ್ತ್ರ ಓದಿ ಆಪ್ತಸಮಾಲೋಚಕರಾಗುತ್ತಿದ್ದಾರೆ. ಪ್ರಮಾಣಪತ್ರ ಕೈಗೆ ಬಂದ ಮೇಲೂ ತಮ್ಮ ಕೆಲಸವನ್ನು ಒಬ್ಬ ಅನುಭವಿಯ ಮುಂದೆ ಆಗಾಗ ಬಿಚ್ಚಿಡಬೇಕು ಎಂದು ಅವರು ಹೇಳಿದರೆ ಮನೆಯವರು, "ಓದು ಮುಗೀಲಿಲ್ಲವೇ?" ಎನ್ನುತ್ತಾರೆ. ಈ ಪದ್ಧತಿಗೆ ಮೇಲ್ವಿಚಾರಣೆ ಎಂದು ಹೆಸರು. ಹೆಸರು ಕೇಳಿದರೆ ಕೆಲಸಗಾರರ ಮೇಲೆ ಕಣ್ಣಿಡುವ ಮೇಸ್ತ್ರಿಯ ನೆನಪಾಗುತ್ತದೆ, ಆದರೆ ಇದು ಅದಲ್ಲ. ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತೀರಲ್ಲ, ಅದಕ್ಕೆ ಹತ್ತಿರದ್ದು.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಹತ್ತಿ ಕೈಕೊಟ್ಟು ಸಾಲ ಏರಿದ ರೈತನೊಬ್ಬನು ಹೊಸ ಸಮಾಲೋಚಕಿಯ ಬಳಿಗೆ ಬರುತ್ತಾನೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಎನ್ನುತ್ತಾನೆ. ಏಳುವಾಗ, "ನಾನಿಲ್ಲದಿದ್ದರೆ ಎಲ್ಲ ಸರಿಹೋಗುತ್ತೆ ಬಿಡಮ್ಮ" ಎಂದು ನಕ್ಕು ಹೋಗುತ್ತಾನೆ. ಆಕೆ ಧೈರ್ಯದ ಮಾತು ಹೇಳಿ ಕಳಿಸುತ್ತಾಳೆ. ಸಂಜೆ ಮೇಲ್ವಿಚಾರಕಿಯ ಮುಂದೆ ಈ ಮಾತು ಬರುತ್ತದೆ.

"ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿದೆಯೇನಮ್ಮ?"

"ಇಲ್ಲ ಮೇಡಂ. ಕೇಳಿದರೆ ನಾನೇ ಆ ಯೋಚನೆ ತಲೆಗೆ ಹಾಕಿದಂತೆ ಆಗುತ್ತೆ ಅನ್ನಿಸಿತು."

"ಹಾಗಾಗುವುದಿಲ್ಲ. ಕೇಳಿದರೆ ಅವರಿಗೆ ಹಗುರಾಗುತ್ತೆ. ಬೆಳೆಗೆ ಹೊಡೆಯುವ ಎಣ್ಣೆ ಮನೆಯಲ್ಲಿ ಎಲ್ಲಿಟ್ಟಿದ್ದಾರೆ? ಮನೆಯಲ್ಲಿ ಯಾರಿದ್ದಾರೆ?"

ಅದೇ ಸಂಜೆ ಆಕೆ ರೈತನಿಗೆ ಫೋನ್ ಮಾಡುತ್ತಾಳೆ. ಆತನಿಗೆ ತಿಳಿಸಿಯೇ ಹೆಂಡತಿಯ ಜೊತೆ ಮಾತನಾಡುತ್ತಾಳೆ. ಎಣ್ಣೆ ಡಬ್ಬ ಅಣ್ಣನ ಮನೆಯ ಬೀಗದೊಳಗೆ ಸೇರುತ್ತದೆ. ಮರುದಿನ ಮನೋವೈದ್ಯರ ಭೇಟಿ ಗೊತ್ತಾಗುತ್ತದೆ. ಹಿರಿಯರು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: "ನೇರವಾಗಿ ಕೇಳಲು ನಿನ್ನನ್ನು ತಡೆದದ್ದು ಏನು?" ಆಕೆಯ ತಂದೆಯೂ ಒಮ್ಮೆ ಸಾಲದಲ್ಲಿ ಮುಳುಗಿದ್ದರು. ಆ ಭಯ ಒಳಗೇ ಕುಳಿತಿತ್ತು. ಪುಸ್ತಕ ಓದಿ ತಿಳಿಯುವ ವಿಷಯವಲ್ಲ ಇದು. ದಿನವೂ ಇತರರ ದುಃಖ ಕೇಳುವವರು ತಮ್ಮ ಭಾರವನ್ನೂ ಎಲ್ಲಾದರೂ ಇಳಿಸಬೇಕು, ಇಲ್ಲದಿದ್ದರೆ ಮನಸ್ಸು ಮರಗಟ್ಟುತ್ತದೆ.

"ನಮ್ಮ ಗುಟ್ಟನ್ನು ಮತ್ತೊಬ್ಬರಿಗೆ ಹೇಳುವುದೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಸಮಾಲೋಚಕರ ಮಾತು ಬೇರೆ ಬಗೆಯದು. ಹೆಸರು, ಊರು ಮರೆಮಾಡಿ ಮೇಲ್ವಿಚಾರಕರ ಮುಂದಿಡುತ್ತಾರೆ, ಮೇಲ್ವಿಚಾರಕರೂ ಗುಟ್ಟಿಗೆ ಬದ್ಧರು. ಜೀವಕ್ಕೆ ಅಪಾಯವಿದ್ದರೆ ಮಾತ್ರ ಮನೆಯವರಿಗೋ ವೈದ್ಯರಿಗೋ ತಿಳಿಸಬೇಕಾಗುತ್ತದೆ. ಒಳ್ಳೆಯ ಸಮಾಲೋಚಕರು ಇದನ್ನು ಮೊದಲ ದಿನವೇ ಹೇಳುತ್ತಾರೆ.

ಈ ವಿಚಾರದಲ್ಲಿ ನಮಗೆ ದೂರದ ಉದಾಹರಣೆ ಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸಿ ಚಿಕಿತ್ಸೆ ನೀಡಲು ತರಬೇತಿ ಕೊಟ್ಟರು. ತರಬೇತಿಯ ನಂತರ ಅವರನ್ನು ಕೈಬಿಡಲಿಲ್ಲ. ದಾಖಲೆ ಇಡಿಸಿದರು, ವರದಿ ತರಿಸಿಕೊಂಡರು, ಜಿಲ್ಲೆಯ ತಂಡವು ಅದನ್ನು ನೋಡಿ ತಿದ್ದಿ ಹೇಳುತ್ತಿತ್ತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಮಾದರಿಯೇ ತಳಹದಿ. ತುಂಗಭದ್ರೆಯ ನೀರು ಕುಡಿಯುವ ನಮಗೆ ಇದು ಹೆಮ್ಮೆಯ ಮಾತಲ್ಲವೇ?

ಗೋವಾದಲ್ಲಿ ಸಂಗಾತ್ ಎಂಬ ಸಂಸ್ಥೆ ಇನ್ನೂ ಮುಂದೆ ಹೋಯಿತು. ಮನೋವೈದ್ಯಕೀಯ ಓದದ ಸಾಮಾನ್ಯರಿಗೇ ತರಬೇತಿ ಕೊಟ್ಟು, ಖಿನ್ನತೆಯಿಂದ ನರಳುವವರ ಜೊತೆ ಮಾತನಾಡಲು ಆರೋಗ್ಯ ಕೇಂದ್ರಗಳಿಗೆ ಕಳಿಸಿತು. ಬಂದವರ ಒಪ್ಪಿಗೆ ಪಡೆದು ಮಾತುಕತೆಯನ್ನು ಧ್ವನಿಮುದ್ರಿಸುತ್ತಿದ್ದರು. ವಾರಕ್ಕೊಮ್ಮೆ ಗುಂಪಾಗಿ ಕುಳಿತು ಕೇಳಿ ಅಂಕ ಕೊಡುತ್ತಿದ್ದರು. ಮೊದಲು ತಜ್ಞರು ನಡೆಸಿಕೊಟ್ಟರು, ಬರಬರುತ್ತಾ ಸಮಾಲೋಚಕರೇ ಒಬ್ಬರಿಗೊಬ್ಬರು ತಿದ್ದಿಕೊಳ್ಳಲು ಕಲಿತರು. ಮೇಲ್ವಿಚಾರಕರು ಸಿಗದ ಊರುಗಳಿಗೆ ಈ ದಾರಿ ಹೊಂದುತ್ತದೆಂದು ನಮ್ಮ ಅಭಿಪ್ರಾಯ. ಗದ್ವಾಲ್, ಕರ್ನೂಲು, ರಾಯಚೂರು ಕಡೆಯ ನಾಲ್ಕಾರು ಹೊಸಬರು ತಿಂಗಳಿಗೆರಡು ಸಲ ಕೂಡಿ, ಒಬ್ಬ ಅನುಭವಿಯನ್ನು ಫೋನಿನಲ್ಲಾದರೂ ಜೊತೆಗಿಟ್ಟುಕೊಂಡರೆ ಒಂಟಿಯಾಗಿ ತಡವರಿಸುವುದು ತಪ್ಪುತ್ತದೆ.

ಬ್ರಿಟನ್ನಿನ ಸಮಾಲೋಚಕರ ದೊಡ್ಡ ಸಂಘವು, ಕೆಲಸದಲ್ಲಿರುವ ತನ್ನ ಸದಸ್ಯರು ಎಷ್ಟೇ ಹಳಬರಾದರೂ ಮೇಲ್ವಿಚಾರಣೆ ಪಡೆಯುತ್ತಲೇ ಇರಬೇಕೆನ್ನುತ್ತದೆ. ನಮ್ಮಲ್ಲೋ, ಕೆಲವೇ ತಿಂಗಳ ಕೋರ್ಸು ಮುಗಿಸಿ ಬೋರ್ಡು ಹಾಕಿಕೊಳ್ಳುವವರೂ ಇದ್ದಾರೆ. ಆದ್ದರಿಂದ ಮನೆಯವರನ್ನು ಯಾರ ಬಳಿಗಾದರೂ ಕರೆದೊಯ್ದಾಗ ಸಂಕೋಚಪಡದೆ ಕೇಳಿರಿ: "ನಿಮಗೆ ತೋಚದಿದ್ದಾಗ ನೀವು ಯಾರನ್ನು ಕೇಳುತ್ತೀರಿ?" ಈ ಪ್ರಶ್ನೆಗೆ ಸಿಟ್ಟಾಗುವವರ ಬಳಿಗೆ ಎರಡನೇ ಸಲ ಹೋಗುವುದು ಬೇಡ.

ನಿಮ್ಮ ಮಗಳೋ ಮಗನೋ ಈ ಕೆಲಸಕ್ಕೆ ಸೇರಿದ್ದರೆ, ಮೇಲ್ವಿಚಾರಣೆಗೆ ಕೊಡುವ ಶುಲ್ಕವನ್ನು ದಂಡವೆಂದು ಎಣಿಸಬೇಡಿರಿ. ಮೊದಲ ವರ್ಷ ಸಂಬಳ ಕಡಿಮೆ, ಈ ಖರ್ಚು ಭಾರವೆನಿಸುತ್ತದೆ ನಿಜ. ಆ ಒಂದು ವರ್ಷ ಮನೆಯವರು ಕೈಜೋಡಿಸಿರಿ.

ರಾತ್ರಿ ಹೊತ್ತಿನಲ್ಲಿ ಯಾರಿಗಾದರೂ ಮನಸ್ಸು ಕೆಟ್ಟರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಇದು ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡಬಹುದು. ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿರಿ.