ಹೊಸ ಮನೆಯ ಕೈತೋಟಕ್ಕೆ 12 ಸೂತ್ರಗಳು

ಬೀರುವನ್ನು ಯಾವ ಮನೆಯ ಯಾವ ಗೋಡೆಗೆ ಒರಗಿಸಿದರೂ ಅದು ಬೀರುವೇ. ಗಿಡಕ್ಕೆ ಹಾಗಲ್ಲ. ನಾಲ್ಕು ಬೀದಿ ಆಚೆ ಹೋದರೂ ಬಿಸಿಲು, ಮಣ್ಣು, ನೀರು ಮೂರೂ ಬದಲಾಗುತ್ತವೆ. ಹಳೆಯ ಮನೆಯ ತೋಟವನ್ನೇ ಹೊಸ ಮನೆಯಲ್ಲಿ ಮತ್ತೆ ಹಾಕಲು ಹೊರಟವರು ಸೋಲುವುದು ಇದರಿಂದಲೇ. ಹೊಸ ಜಾಗಕ್ಕೆ ಏನು ಒಪ್ಪುತ್ತದೆಂದು ತಿಳಿದುಕೊಂಡು, ಆ ಜಾಗದ ತೋಟವನ್ನು ಮಾಡಿ. ಕೆಳಗಿನ ತಿಂಗಳು, ಮಳೆಗಳ ಲೆಕ್ಕ ಬೆಂಗಳೂರು, ಮೈಸೂರು, ತುಮಕೂರು ಕಡೆಯದು. ಕರಾವಳಿ, ಮಲೆನಾಡು, ಉತ್ತರ ಕರ್ನಾಟಕದವರು ತಮ್ಮ ಮಳೆಗೆ ಹೊಂದಿಸಿಕೊಳ್ಳಬೇಕು.

1. ಕುಂಡಕ್ಕಿಂತ ಕಡ್ಡಿಯನ್ನು ನಂಬಿ

ಮನೆ ಬಿಡುವ ದಿನ ಗೊತ್ತಾದ ಕೂಡಲೇ ಕಡ್ಡಿ ನೆಡಲು ಶುರು ಮಾಡಿ. ದಾಸವಾಳ, ನಂದಿಬಟ್ಟಲು, ಕಣಗಿಲೆಗಳ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿಗಳು ಮರಳು ಬೆರೆತ ಮಣ್ಣಿನಲ್ಲಿ, ನೆರಳಿನಲ್ಲಿ ಸುಲಭವಾಗಿ ಬೇರು ಬಿಡುತ್ತವೆ. ಮಳೆಗಾಲವಾದರೆ ಇನ್ನೂ ಒಳ್ಳೆಯದು. ಮಲ್ಲಿಗೆಯ ಕೆಳಗಿನ ಬಳ್ಳಿಯನ್ನು ಬಗ್ಗಿಸಿ, ಒಂದು ಗೆಣ್ಣನ್ನು ಮಣ್ಣಿನಲ್ಲಿ ಹುಗಿದು ಮೇಲೊಂದು ಕಲ್ಲಿಡಿ. ಎರಡು ಮೂರು ತಿಂಗಳಲ್ಲಿ ಬೇರು ಬಂದ ಮೇಲೆ ತಾಯಿಗಿಡದಿಂದ ಕತ್ತರಿಸಿ ತೆಗೆಯಬಹುದು.

ಕರಿಬೇವಿನ ದೊಡ್ಡ ಗಿಡವನ್ನು ಕೀಳಲು ಹೋಗಬೇಡಿ. ತಾಯಿಬೇರು ತುಂಡಾದರೆ ಅದು ಉಳಿಯುವುದು ಕಷ್ಟ. ಅದರ ಸುತ್ತ ಬೇರಿನಿಂದ ಎದ್ದ ಮರಿಗಿಡಗಳನ್ನು ಮಣ್ಣು ಸಮೇತ ತೆಗೆದು ಚೀಲಕ್ಕೆ ಹಾಕಿ. ಹಣ್ಣಿದ್ದರೆ ಬೀಜವನ್ನು ತೊಳೆದು ಕೂಡಲೇ ಬಿತ್ತಿ. ಕೆಲವೇ ವಾರಗಳಲ್ಲಿ ಅದರ ಮೊಳೆಯುವ ಶಕ್ತಿ ಹೋಗುತ್ತದೆ. ನೆಲದಲ್ಲಿ ಬೇರೂರಿದ ಮಾವು, ಸೀಬೆ, ಪಾರಿಜಾತಗಳನ್ನು ಮುಂದೆ ಬರುವವರಿಗೆ ಬಿಡಿ. ಯಾವುದು ಯಾವ ಗಿಡ, ಯಾವುದಕ್ಕೆ ಎಷ್ಟು ನೀರು ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿ. ಮನೆಯ ಬೀಗದ ಕೈಯಷ್ಟೇ ಮುಖ್ಯವಾದದ್ದು ಅದು.

2. ಗಿಡಗಳು ಲಾರಿಗೆ ಕೊನೆಗೆ ಹತ್ತಲಿ, ಮೊದಲು ಇಳಿಯಲಿ

ಹಿಂದಿನ ದಿನ ಸಂಜೆ ನೀರು ಹಾಕಿ; ಹೊರಡುವ ದಿನ ಹಾಕಿದರೆ ಕುಂಡ ಭಾರವಾಗುತ್ತದೆ, ಮಣ್ಣು ಜಾರುತ್ತದೆ. ಉದ್ದ ಕೊಂಬೆಗಳನ್ನು ಮೂರನೇ ಒಂದು ಪಾಲು ಸವರಿ. ತೆರೆದ ಲಾರಿಯಾದರೆ ಒದ್ದೆ ಗೋಣಿಚೀಲ ಹೊದಿಸಿ. ಹೊಸ ಮನೆಯಲ್ಲಿ ಒಂದು ವಾರ ನೆರಳಿನಲ್ಲೇ ಇರಲಿ, ಗೊಬ್ಬರ ಬೇಡ.

ಕುಂಡ ಹತ್ತಿಸುವ ಮೊದಲು ತಳವನ್ನು ತಿರುಗಿಸಿ ನೋಡಿ. ಆಫ್ರಿಕನ್ ದೈತ್ಯ ಬಸವನಹುಳು ಒಂದು ಬಡಾವಣೆಯಿಂದ ಇನ್ನೊಂದಕ್ಕೆ ದಾಟುವ ದಾರಿಗಳಲ್ಲಿ ಕುಂಡದ ಮಣ್ಣೂ ಒಂದು. ಸಾಸಿವೆಗಿಂತ ದೊಡ್ಡದಾದ, ಬಿಳಿ-ಹಳದಿ ಮೊಟ್ಟೆಗಳ ಗುಂಪು ಕಂಡರೆ ತೆಗೆದು ನಾಶಮಾಡಿ. ಬರಿಗೈಯಲ್ಲಿ ಮುಟ್ಟಬೇಡಿ.

3. ಬಿಸಿಲಿನ ನಕ್ಷೆ ಬರೆಯಿರಿ

ತೋಟದ ಯೋಜನೆ ಎಂದರೆ ಮುಕ್ಕಾಲು ಪಾಲು ಇದೇ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಕಂಬದ ನೆರಳು ಕಂಬದ ಬುಡದಲ್ಲೇ ಅಡಗುವ ದಿನ ಅದು. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಆತ ಉತ್ತರಕ್ಕೆ ವಾಲಿರುತ್ತಾನೆ, ಆಮೇಲೆ ದಕ್ಷಿಣಕ್ಕೆ. ಡಿಸೆಂಬರ್ ಕೊನೆಯಲ್ಲಿ ನೆತ್ತಿಯಿಂದ ಸುಮಾರು 36 ಡಿಗ್ರಿ ದಕ್ಷಿಣಕ್ಕೆ ಇಳಿದಿರುತ್ತಾನೆ.

ಇದರಿಂದ ಅಂಗಳದಲ್ಲಿ ಆಗುವುದೇನು? ನಿಮ್ಮ ದಕ್ಷಿಣಕ್ಕೆ 30 ಅಡಿ ಎತ್ತರದ ಮನೆಯಿದ್ದರೆ ಡಿಸೆಂಬರ್ ನಡುಹಗಲಲ್ಲಿ ಅದರ ನೆರಳು ಉತ್ತರಕ್ಕೆ 22 ಅಡಿ ಚಾಚುತ್ತದೆ. ಮೇ ತಿಂಗಳಲ್ಲಿ ಬಿಸಿಲು ಸುರಿಯುತ್ತಿದ್ದ ಪಟ್ಟಿ, ಅವರೆಯ ಕಾಲಕ್ಕೆ ತಣ್ಣಗೆ ಕುಳಿತಿರುತ್ತದೆ. ಬೇಸಿಗೆಯಲ್ಲಿ ಮನೆ ಸೇರಿದವರು ಆ ಪಟ್ಟಿಗೆ ಗುಲಾಬಿ ಇಟ್ಟರೆ ಚಳಿಗಾಲಕ್ಕೆ ಅದು ಸೊರಗುತ್ತದೆ. ಉತ್ತರದ ಬಾಲ್ಕನಿಯ ಕಥೆಯೂ ಇದೇ: ಜೂನ್‌ನಲ್ಲಿ ಬಿಸಿಲು ಒಳಗೆ ಬರುತ್ತದೆ, ನವೆಂಬರ್‌ನಲ್ಲಿ ಹಣಕುವುದೂ ಇಲ್ಲ.

ತಿಂಗಳಿಗೊಮ್ಮೆ ಬೆಳಗ್ಗೆ 9, ಮಧ್ಯಾಹ್ನ 12 ಮತ್ತು 3 ಗಂಟೆಗೆ ನೆರಳಿನ ಅಂಚನ್ನು ಸೀಮೆಸುಣ್ಣದಲ್ಲಿ ಗುರುತಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಆರು ಗಂಟೆ ಬಿಸಿಲಿರುವ ಜಾಗ ಟೊಮೆಟೊ, ಬೆಂಡೆ, ಬದನೆ, ಗುಲಾಬಿ, ಮಲ್ಲಿಗೆಗೆ. ಮೂರು ನಾಲ್ಕು ಗಂಟೆ ಸಿಕ್ಕರೆ ಸೊಪ್ಪುಗಳಿಗೆ. ಅದಕ್ಕೂ ಕಡಿಮೆಯಿದ್ದರೆ ಪುದೀನಾ, ದೊಡ್ಡಪತ್ರೆ, ಒಂದೆಲಗ, ಕೆಸು, ವೀಳ್ಯದೆಲೆ ಇವೆ. ನೆರಳಿನ ಮೂಲೆ ಬಡ ಮೂಲೆಯಲ್ಲ. ಒಂದೆಲಗದ ಚಟ್ನಿ ತಿಂದವರಿಗೆ ಗೊತ್ತು.

4. ಹಳೆಯ ಅಂಗಳವಾದರೆ ಒಂದು ಮಳೆಗಾಲ ಕಾಯಿರಿ

ಹಿಂದೆ ಯಾರೋ ಬೆಳೆಸಿದ ತೋಟ ನಿಮ್ಮ ಕೈಗೆ ಬಂದಿದ್ದರೆ ಗುದ್ದಲಿಯನ್ನು ಪಕ್ಕಕ್ಕಿಡಿ. ಫೆಬ್ರವರಿಯಲ್ಲಿ ಬರಿನೆಲವೆಂದು ಕಾಣುವ ಜಾಗದಲ್ಲಿ ಅರಿಶಿನ, ಸುವರ್ಣಗೆಡ್ಡೆ ಮಲಗಿರಬಹುದು. ಬೇಸಿಗೆಯ ಮೊದಲ ಮಳೆಗಳು ಬಿದ್ದ ಮೇಲೆ ಅವು ಏಳುತ್ತವೆ. ಎಲೆಯೇ ಇಲ್ಲದ ಮೂಲೆಯಿಂದ ಕೆಂಪು ಚೆಂಡಿನಂಥ ಮೇ ಫ್ಲವರ್ ನೇರವಾಗಿ ಮೇಲೆದ್ದು ಬರುತ್ತದೆ. ಗೋಡೆಗೆ ಅಂಟಿಕೊಂಡ, ಅಂದವಿಲ್ಲದ ಚಪ್ಪಟೆ ಎಲೆಗಳ ಗಿಡವನ್ನು ಕಳೆಯೆಂದು ಕಿತ್ತೆಸೆದವರು ಮಳೆಗಾಲದ ರಾತ್ರಿಯಲ್ಲಿ ಅರಳುವ ಬ್ರಹ್ಮಕಮಲವನ್ನು ಕಳೆದುಕೊಂಡಿರುತ್ತಾರೆ.

ಒಂದು ಸುತ್ತು ಕಾಲ ಕಳೆಯುವವರೆಗೆ ಒಣಗಿದ್ದು, ರೋಗ ಹಿಡಿದದ್ದು, ಪಾರ್ಥೇನಿಯಂನಂಥ ಗೊತ್ತಿರುವ ಕಳೆ ಇಷ್ಟನ್ನೇ ತೆಗೆಯಿರಿ. ಪಾರ್ಥೇನಿಯಂ ಹೂ ಬಿಡುವ ಮುನ್ನವೇ ಬೇರುಸಹಿತ ಹೋಗಬೇಕು. ಕೀಳುವಾಗ ಕೈಗವಸು ಇರಲಿ. ಉಳಿದದ್ದಕ್ಕೆ ನೀರು ಹಾಕಿ ನೋಡುತ್ತಿರಿ.

5. ಹೊಸ ಕಟ್ಟಡವಾದರೆ ನೆಲ ಅಗೆದು ನೋಡಿ

ಹೊಸ ಮನೆಯ ಸುತ್ತ ಮೇಲೆ ಕಾಣುವ ಕೆಮ್ಮಣ್ಣು ಎಷ್ಟೋ ಕಡೆ ನಾಲ್ಕು ಬೆರಳಿನಷ್ಟೇ. ಕೆಳಗೆ ಸಿಮೆಂಟಿನ ಗಟ್ಟಿ, ಟೈಲ್ಸ್ ಚೂರು, ಸೆಂಟ್ರಿಂಗ್ ಹಲಗೆಯ ತುಂಡು. ಸಿಮೆಂಟಿನ ಸುಣ್ಣದಂಶ ಮಣ್ಣನ್ನು ಕ್ಷಾರವಾಗಿಸುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ಸಿಗುವುದಿಲ್ಲ. ದಾಸವಾಳ, ನಿಂಬೆಯ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಇದನ್ನೇ ಅನುಮಾನಿಸಿ. ಗೊಬ್ಬರ ಸುರಿದರೆ ಇದು ಸರಿಹೋಗದು. ಒಂದೂವರೆ ಅಡಿ ಅಗೆದು ಚೂರುಗಳನ್ನು ಆರಿಸಿ ತೆಗೆಯಬೇಕು. ಬೇಸರದ ಕೆಲಸ ನಿಜ. ಆದರೆ ಇದನ್ನು ಬಿಟ್ಟು ಮುಂದೆ ಹೋದವರು ವರ್ಷಗಟ್ಟಲೆ ಗಿಡ ಕೊಳ್ಳುತ್ತಲೇ ಇರುತ್ತಾರೆ. ಹಲಗೆ ತುಂಡುಗಳನ್ನಂತೂ ಬಿಡಬೇಡಿ, ಗೆದ್ದಲಿಗೆ ಆಹ್ವಾನ.

ಆಮೇಲೆ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ. ಎರಡನೇ ಸಲದ ನೀರು ಕೆಲವು ಗಂಟೆಗಳಲ್ಲಿ ಇಂಗಿದರೆ ಸರಿ. ಮರುದಿನವೂ ನಿಂತಿದ್ದರೆ ಅಲ್ಲಿ ಏರುಮಡಿ ಕಟ್ಟಿ ಬೆಳೆಯಿರಿ. ಮಣ್ಣಿನ ರಸಸಾರ ತಿಳಿಯಬೇಕಿದ್ದರೆ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಪರೀಕ್ಷೆ ಮಾಡಿಕೊಡುತ್ತಾರೆ. 6ರಿಂದ 7.5ರ ನಡುವೆ ಇದ್ದರೆ ಹೆಚ್ಚಿನ ತರಕಾರಿಗಳಿಗೆ ಒಪ್ಪುತ್ತದೆ.

ಇನ್ನೊಂದು ಮಾತನ್ನು ಕಟ್ಟಿಸಿದವರನ್ನೇ ಕೇಳಿ: ತಳಪಾಯಕ್ಕೆ ಗೆದ್ದಲಿನ ಔಷಧಿ ಹಾಕಿಸಿದ್ದಾರೆಯೇ? ಹಾಕಿಸಿದ್ದರೆ ಗೋಡೆಗೆ ತಾಗಿದ ಪಟ್ಟಿಯಲ್ಲಿ ಸೊಪ್ಪು, ಮೂಲಂಗಿ, ಅರಿಶಿನ ಬೇಡ. ಅಲ್ಲಿ ಹೂವಿನ ಗಿಡವಿರಲಿ.

6. ಮೊದಲ ಬೆಳೆ ಸೊಪ್ಪು

ಮೆಂತ್ಯ ಅಡುಗೆಮನೆಯ ಡಬ್ಬಿಯಲ್ಲೇ ಇದೆ. ಕೊತ್ತಂಬರಿ ಬೀಜವನ್ನು ಎರಡು ಹೋಳಾಗುವಂತೆ ಮೆಲ್ಲಗೆ ಉಜ್ಜಿ ಬಿತ್ತಿ. ದಂಟು, ಹರಿವೆ ಬೀಜ ತೀರಾ ಸಣ್ಣದು. ಮರಳಿನಲ್ಲಿ ಬೆರೆಸಿ ಎರಚಿದರೆ ಒಂದೇ ಕಡೆ ಗುಂಪಾಗುವುದಿಲ್ಲ. ಮಾರುಕಟ್ಟೆಯಿಂದ ತಂದ ಬಸಳೆಯ ಎಲೆ ಸಾರಿಗೆ, ದಂಟು ಮಣ್ಣಿಗೆ. ಮೂರು ನಾಲ್ಕು ವಾರಗಳಲ್ಲಿ ಮೆಂತ್ಯ, ಹರಿವೆ ಕೊಯ್ಲಿಗೆ ಬರುತ್ತವೆ. ಯಾವ ಮಡಿಯಲ್ಲಿ ಹುಲುಸು, ಯಾವುದರಲ್ಲಿ ಬಡಕಲು ಎಂಬುದು ಅಷ್ಟರಲ್ಲಿ ಕಣ್ಣಿಗೆ ಕಾಣುತ್ತದೆ. ವರ್ಷಾನುಗಟ್ಟಲೆ ಉಳಿಯುವ ಗಿಡಗಳ ಜಾಗವನ್ನು ಇದನ್ನು ನೋಡಿ ನಿರ್ಧರಿಸಿ.

7. ತಾರಸಿಯಲ್ಲಿ ತೂಕ ಲೆಕ್ಕಹಾಕಿ

ಒಂದು ಘನ ಅಡಿ ಒದ್ದೆ ಮಣ್ಣು 45ರಿಂದ 50 ಕಿಲೋ ತೂಗುತ್ತದೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದಡಿ ಆಳದ ತೊಟ್ಟಿ ಎಂದರೆ 400 ಕಿಲೋ ಹತ್ತಿರ. ದೊಡ್ಡ ಕುಂಡಗಳನ್ನು ತಾರಸಿಯ ನಡುವೆ ಇಡದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಸಾಲಾಗಿ ಇಡಿ. ಮಣ್ಣಿಗೆ ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಬೆರೆಸಿ ಭಾರ ಇಳಿಸಿ. ಕುಂಡದ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿ. ಆಗ ನೀರು ಹರಿದುಹೋಗುತ್ತದೆ, ತೇವ ಛಾವಣಿಗೆ ಇಳಿಯುವುದಿಲ್ಲ. ಹಳೆಯ ಕಟ್ಟಡವಾದರೆ ಎಂಜಿನಿಯರನ್ನು ಕೇಳದೆ ತೊಟ್ಟಿ ಕಟ್ಟಬೇಡಿ.

8. ನೀರಿನ ಮೂಲ ಗೊತ್ತಾಗದೆ ಗಿಡದ ಸಂಖ್ಯೆ ನಿರ್ಧರಿಸಬೇಡಿ

ಹೊಸ ಮನೆಗೆ ಬರುವುದು ಕಾವೇರಿಯೋ, ಬೋರ್‌ವೆಲ್ಲೋ, ಟ್ಯಾಂಕರೋ? 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನೇ ನಿಷೇಧಿಸಿ, 5,000 ರೂಪಾಯಿ ದಂಡ ಎಂದಿತು. ಅಂಥ ಬೇಸಿಗೆ ಮತ್ತೆ ಬಂದರೂ ಬದುಕುವಷ್ಟೇ ತೋಟ ಮಾಡುವುದು ವಿವೇಕ.

ಮಳೆನೀರಿನ ಲೆಕ್ಕ ಸುಲಭ. 30×40ರ ಸೈಟಿನಷ್ಟೇ ಅಗಲದ ತಾರಸಿ ಸುಮಾರು 111 ಚದರ ಮೀಟರ್. ಒಂದು ಮಿಲಿಮೀಟರ್ ಮಳೆಗೆ 111 ಲೀಟರ್ ಬೀಳುತ್ತದೆ. 20 ಮಿಲಿಮೀಟರಿನ ಒಂದು ಸಂಜೆಯ ಮಳೆಗೆ 2,200 ಲೀಟರ್. ಎರಡು ಡ್ರಮ್ಮು ಇಟ್ಟರೂ ಒಂದಷ್ಟು ದಿನ ಸಾಗುತ್ತದೆ. ಡ್ರಮ್ಮಿನ ಬಾಯಿಗೆ ಸೊಳ್ಳೆ ನುಸುಳದ ಬಲೆ ಕಟ್ಟಿ.

ಸಾಫ್ಟನರ್ ಹಾಕಿದ ಮನೆಯಾದರೆ ತೋಟದ ನಲ್ಲಿಯನ್ನು ಅದಕ್ಕಿಂತ ಮೊದಲೇ ಕವಲೊಡೆಸಿ. ಗಡಸುತನ ತೆಗೆಯುವ ಯಂತ್ರ ನೀರಿಗೆ ಸೋಡಿಯಂ ಸೇರಿಸುತ್ತದೆ, ಅದು ಮಣ್ಣನ್ನು ಕೆಡಿಸುತ್ತದೆ. ಆರ್‌ಓ ಯಂತ್ರ ಹೊರಬಿಡುವ ನೀರಿನಲ್ಲೂ ಲವಣ ಜಾಸ್ತಿ. ನೆಲ ಒರೆಸಲು ಬಳಸಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಮಾತ್ರ ಒಂದು ತೊಟ್ಟೂ ಚರಂಡಿಗೆ ಹೋಗಬಾರದು.

9. ಮುಪ್ಪಾದ ಮರಕ್ಕೆ ಮರುಜೀವ ಕೊಡಿ, ಆದರೆ ಜಾತಿ ನೋಡಿ

ಸೀಬೆ, ದಾಸವಾಳ ಗಟ್ಟಿ ಕತ್ತರಿ ತಡೆಯುತ್ತವೆ. ಚೆನ್ನಾಗಿ ಸವರಿದರೆ ಹೊಸ ಚಿಗುರಿನಲ್ಲೇ ಕಾಯಿ, ಹೂವು. ಸಪೋಟ ಹಾಗಲ್ಲ: ಒಣಗಿದ ರೆಂಬೆ, ಒಂದಕ್ಕೊಂದು ಉಜ್ಜುವ ರೆಂಬೆ ತೆಗೆದರೆ ಸಾಕು. ಮಾವನ್ನು ಹಣ್ಣು ಮುಗಿದ ಕೂಡಲೇ ಸವರಬೇಕು. ತಡವಾದರೆ ಮುಂದಿನ ಹೂವಿಗೆ ಕುತ್ತು. ಮಲ್ಲಿಗೆಗೆ ನವೆಂಬರ್ ಕೊನೆ, ಗುಲಾಬಿಗೆ ಅಕ್ಟೋಬರ್. ಕಸಿ ಗಿಡಗಳಲ್ಲಿ ಕಸಿಯ ಗಂಟಿನ ಕೆಳಗೆ ಎದ್ದ ಚಿಗುರನ್ನು ಕಂಡಲ್ಲೇ ಚಿವುಟಿ.

ಮಾವಿನಲ್ಲಿ ಬೇರೆ ಬಗೆಯ ಎಲೆಗಳ ಗುಚ್ಛ ಕಂಡರೆ ಅದು ಬಂದಳಿಕೆ. ಬರಿ ಎಲೆ ಕಿತ್ತರೆ ಮತ್ತೆ ಬರುತ್ತದೆ. ಅದು ಅಂಟಿದ ಕೊಂಬೆಯನ್ನು ಕೆಳಗಿನಿಂದ ಕತ್ತರಿಸಿ. ಇಡೀ ಮರವನ್ನೇ ಕಡಿಯುವ ಯೋಚನೆ ಇದ್ದರೆ ನಿಲ್ಲಿ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ನಗರಗಳಲ್ಲಿ ಸ್ವಂತ ಆವರಣದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು, ಕೆಲವು ಜಾತಿಗಳಿಗಷ್ಟೇ ವಿನಾಯಿತಿ.

10. ಇಪ್ಪತ್ತು ವರ್ಷದ ಮರವನ್ನು ಕಣ್ಣಮುಂದೆ ತಂದುಕೊಂಡು ಸಸಿ ನೆಡಿ

ಸಂಪಿಗೆ ಎಷ್ಟೇ ಪ್ರೀತಿಯದಾದರೂ ಕಾಂಪೌಂಡಿನ ಒಳಗಿನ ಮೂರಡಿ ಪಟ್ಟಿಯ ಮರವಲ್ಲ. ಅತ್ತಿ, ಆಲ, ಅರಳಿ ಜಾತಿಯವು ಸಂಪಿನ ಹತ್ತಿರ ಸುಳಿಯಬಾರದು. ಗೋಡೆಯ ಬಿರುಕಿನಲ್ಲಿ ಅರಳಿ ಮೊಳೆತರೆ ಎರಡೆಲೆ ಇರುವಾಗಲೇ ಕೀಳಿ. ನುಗ್ಗೆಯ ಮರ ಮೆದು, ಗಾಳಿಗೆ ಮುರಿಯುತ್ತದೆ. ಮೂರಡಿ ಎತ್ತರವಾದಾಗ ತುದಿ ಚಿವುಟಿ, ಕೈಗೆಟುಕುವ ಹಾಗೆ ಪೊದೆಯಾಗಿಸಿ. ಚಿಕ್ಕ ಸೈಟಿಗೆ ಕರಿಬೇವು, ನಿಂಬೆ, ದಾಳಿಂಬೆ, ಪಾರಿಜಾತ, ನಂದಿಬಟ್ಟಲು ಸಾಕಷ್ಟಾಯಿತು. ನೆಡಲು ಮೃಗಶಿರ, ಆರಿದ್ರಾ ಮಳೆಗಳ ಕಾಲ, ಅಂದರೆ ಜೂನ್ ತಿಂಗಳು ಸೊಗಸು.

11. ಬೀಜಕ್ಕೆ ಹೆಸರಿರಲಿ

ಹೆಸರಿಲ್ಲದ ಪೊಟ್ಟಣ ಕೊಳ್ಳಬೇಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳು ನಮ್ಮ ಹವೆಗೆಂದೇ ರೂಪುಗೊಂಡವು. ಅರ್ಕಾ ಅನಾಮಿಕ ಬೆಂಡೆ, ಎಲೆಯ ನರಗಳನ್ನು ಹಳದಿಯಾಗಿಸುವ ನಂಜು ರೋಗವನ್ನು ತಡೆದುಕೊಳ್ಳುತ್ತದೆ. ಬೀಜ ಉಳಿಸಿಕೊಂಡು ಮುಂದಿನ ಸಲ ಬಿತ್ತಬಹುದು. ಅರ್ಕಾ ರಕ್ಷಕ್ ಟೊಮೆಟೊ ಮೂರು ರೋಗಗಳನ್ನು ತಡೆಯುತ್ತದೆ, ಆದರೆ ಅದು ಹೈಬ್ರಿಡ್, ಬೀಜ ಪ್ರತಿ ಸಲ ಹೊಸದಾಗಿ ಕೊಳ್ಳಬೇಕು. ನರ್ಸರಿಯಿಂದ ತಂದ ಗಿಡವನ್ನು ಎರಡು ವಾರ ಬೇರೆಯೇ ಇಡಿ. ಹತ್ತಿಯಂಥ ಬಿಳಿ ಹಿಟ್ಟುತಿಗಣೆ ಒಂದು ಗಿಡದಿಂದ ಇಡೀ ದಾಸವಾಳದ ಸಾಲಿಗೆ ಹರಡುತ್ತದೆ. ಕಂಡರೆ ನೀರಿನ ರಭಸಕ್ಕೆ ತೊಳೆದು, ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಿನೊಂದಿಗೆ ಬೆರೆಸಿ ಸಂಜೆ ಸಿಂಪಡಿಸಿ.

12. ಬೀದಿಯ ಎಲೆ ಸುಡಲು ಬಿಡಬೇಡಿ

ಜನವರಿಯಿಂದ ಮಾರ್ಚ್‌ವರೆಗೆ ಹೊಸ ಬೀದಿಯ ಮರಗಳು ಎಲೆ ಉದುರಿಸುತ್ತವೆ. ಗೋಣಿಚೀಲದಲ್ಲಿ ತುಂಬಿ ತನ್ನಿ. ಅರ್ಧವನ್ನು ಗಿಡಗಳ ಬುಡಕ್ಕೆ, ಕಾಂಡಕ್ಕೆ ತಾಗದಂತೆ, ಮೂರು ನಾಲ್ಕು ಬೆರಳು ದಪ್ಪ ಹೊದಿಸಿ. ಬೇಸಿಗೆಯಲ್ಲಿ ಮಣ್ಣು ಬೇಗ ಒಣಗುವುದಿಲ್ಲ. ಉಳಿದರ್ಧ ಗೊಬ್ಬರದ ಡ್ರಮ್ಮಿನ ಪಕ್ಕದಲ್ಲಿರಲಿ. ಒಂದು ಪಾಲು ಅಡುಗೆಮನೆಯ ಹಸಿ ಕಸಕ್ಕೆ ಎರಡು ಪಾಲು ಒಣ ಎಲೆ ಹಾಕುತ್ತಾ ಹೋದರೆ ವಾಸನೆ ಬರದು, ಹುಳ ಕಾಡದು. ಉಗಾದಿಯ ಹೊತ್ತಿಗೆ ಡ್ರಮ್ಮು ತುಂಬಿಸಿದರೆ, ಆರಿದ್ರಾ ಮಳೆಯಲ್ಲಿ ನೆಡುವ ಸಸಿಗಳ ಗುಂಡಿಗೆ ಸ್ವಂತ ಗೊಬ್ಬರ ಸಿದ್ಧ.